ಉಳಿದ ಎರಡು ಡೋಸು

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರು ಹೊರಟುಹೋದ ಮರುದಿನ ಬೆಳಿಗ್ಗೆ ಐದೂವರೆಗೇ ಎಚ್ಚರವಾಯಿತು. ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಹಿತ್ತಲಿನ ಕೊಟ್ಟಿಗೆಯಲ್ಲಿ ಅತ್ತೆ ಹಸುವಿನ ಮೈ ತಟ್ಟುತ್ತ ಏನೋ ಹೇಳುತ್ತಿದ್ದರು. ಬೀದಿಯಲ್ಲಿ ಡೇರಿಗೆ ಹೋಗುವವರ ಕ್ಯಾನುಗಳ ಸದ್ದು. ನಮ್ಮ ಕ್ಯಾನು ತೊಳೆದು ಬೋರಲು ಹಾಕಿದಂತೆಯೇ ಇತ್ತು. ನನ್ನ ಗಂಡ ಮುರಳಿಯ ಕಾಯಿಲೆಗೆ ಒಂದು ಹೆಸರು ಸಿಕ್ಕ ದಿನದಿಂದ, ಅಂದರೆ ಒಂದೂವರೆ ತಿಂಗಳಿನಿಂದ, ಡೇರಿಯಲ್ಲಿ ನಮ್ಮ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರು. ಆದರೂ ಕರೆಯಲೇಬೇಕು, ಇಲ್ಲದಿದ್ದರೆ ಕೆಚ್ಚಲು ಬಾತುಕೊಳ್ಳುತ್ತದೆ.

ಅತ್ತೆ ಕರೆದ ಹಾಲನ್ನು ಹಿತ್ತಲ ಮೂಲೆಯ ಸುಣ್ಣದ ಗುಂಡಿಗೆ ಸುರಿದು ಬಂದರು. ನಾನು ಕೊಟ್ಟಿದ್ದ ರಬ್ಬರ್ ಗ್ಲೌಸನ್ನು ಕಳಚಿ ಬೇಲಿಯ ಕೋಲಿಗೆ ಸಿಕ್ಕಿಸಿದರು.

"ಟೀ ಕುಡೀತೀಯಾ?"

"ಹಾಲಿಲ್ಲ, ಅತ್ತೆ."

"ಹಾಲಿಲ್ದಿದ್ರೆ ಟೀ ಅಲ್ವಾ ಅದು?"

ಇಬ್ಬರೂ ಕಪ್ಪು ಟೀ ಕುಡಿದೆವು. ಅತ್ತೆಯ ಹೆಸರು ದೊಡ್ಡಮುನಿಯಮ್ಮ. ನನಗಿಂತ ಮೂವತ್ತು ವರ್ಷ ದೊಡ್ಡವರು, ವಿಧವೆಯಾಗಿಯೂ ನನಗಿಂತ ಹದಿನೆಂಟು ವರ್ಷ ಹಳಬರು. ಲೋಟ ಕೆಳಗಿಟ್ಟು, "ಇವತ್ತು ಸೋಮವಾರ. ಇದ್ದಿದ್ರೆ ವೇಮಗಲ್ ಕಡೆ ಹೋಗಿರೋನು," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಮೂರು ತಿಂಗಳು ಯಾರ ಮನೆ ಬಾಗಿಲಿಗೂ ಹೋಗಬೇಡ. ಪಕ್ಕದ ಮನೇಗಂತೂ ಬೇಡವೇ ಬೇಡ. ಬಸುರಿ ಇರೋ ಮನೆ. ನಾಳೆ ಏನಾದ್ರೂ ಆದ್ರೆ ನಿನ್ನ ಮೇಲೆ ಬರುತ್ತೆ," ಅಂದರು.

ನಾನು ಆಗಲಿ ಅಂದೆ. ಎಲ್ಲಿಗೆ ಹೋಗುವುದೆಂದು ಆಗ ನನಗೂ ತೋಚಿರಲಿಲ್ಲ. ನಮ್ಮ ಮನೆ ಉದ್ದಕ್ಕೆ ಮೂರು ಕೋಣೆ, ಆಮೇಲೆ ಹಿತ್ತಲು, ಹಿತ್ತಲ ಕೊನೆಗೆ ಕೊಟ್ಟಿಗೆ. ಆ ವಾರ ನಾನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿದೆ. ಸುಗಟೂರಿನ ಬಸ್ಸು ಕೋಲಾರಕ್ಕೆ ಹೊರಡುವಾಗ ನಮ್ಮ ಮನೆಯ ಮುಂದೆಯೇ ಹಾರ್ನ್ ಹಾಕುತ್ತದೆ. ದಿನಕ್ಕೆ ಎಷ್ಟು ಸಲ ಎಂದು ಆ ವಾರ ತಿಳಿಯಿತು.

ಹತ್ತು ಗಂಟೆಗೆ ಮೌನಿಕಾ ಫೋನ್ ಮಾಡಿದಳು. ಮದುವೆಗೆ ಮುಂಚೆ ನಾನು ಸಂಶೋಧನೆ ಮಾಡುತ್ತಿದ್ದ ಬೆಂಗಳೂರಿನ ಲ್ಯಾಬಿನಲ್ಲಿ ನನ್ನ ಜಾಗದಲ್ಲಿ ಈಗ ಅವಳಿದ್ದಾಳೆ. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದವಳು.

"ಅಕ್ಕಾ, ಊಟ ಆಯ್ತಾ?"

"ಈಗ ಹತ್ತು ಗಂಟೆ."

"ಅಲ್ವಾ… ಏನು ಕೇಳಬೇಕೋ ಗೊತ್ತಾಗಲ್ಲ ಅಕ್ಕ ನಂಗೆ."

"ರಿಸಲ್ಟ್ ಹೇಳು."

"ಮನ ಕಡೆದಿ ಕಾದಕ್ಕ." ಗಾಬರಿಯಾದರೆ ಅವಳಿಗೆ ತೆಲುಗು ಬರುತ್ತದೆ. "ನಮ್ಮ ಕಡೆಯದಲ್ಲ ಅದು. ಮಾಲೂರಿಂದಲ್ಲ, ಶ್ರೀನಿವಾಸಪುರದ್ದಲ್ಲ, ಯಾವುದಕ್ಕೂ ಹೊಂದಲ್ಲ. ಆ ತುಂಡೇ ಇಲ್ಲ. ಮೂರು ಸಲ ಮಾಡ್ದೆ."

ಯಾವ ತುಂಡು ಎಂದು ಕೇಳಬೇಕಾಗಿರಲಿಲ್ಲ.

ಕಂದು ರೋಗ ದನಗಳದ್ದು. ತಿಂಗಳು ತುಂಬುವ ಮೊದಲೇ ಹಸು ಕರುವನ್ನು ಸತ್ತದ್ದಾಗಿ ಹಾಕಿಬಿಡುತ್ತದೆ. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಎಲ್ಲ ಊರಿನಲ್ಲೂ ಒಂದೇ, ಆದರೂ ಒಂದೇ ಅಲ್ಲ. ಅದರ ವಂಶವಾಹಿಯಲ್ಲಿ ಕೆಲವು ಕಡೆ ಒಂದೇ ಚೂರು ಮತ್ತೆ ಮತ್ತೆ ಬರುತ್ತದೆ. ನಾನು ಎರಡು ವರ್ಷ ಮಾಡಿದ್ದು ಆ ಚೂರುಗಳನ್ನು ಎಣಿಸುವ ಕೆಲಸ. ಮಾಲೂರಿನ ಹಸುಗಳಿಂದ ತೆಗೆದವುಗಳಲ್ಲಿ ಒಂದು ಚೂರು ನಾಲ್ಕು ಸಲ ಇತ್ತು. ಮುಳಬಾಗಿಲಿನವುಗಳಲ್ಲಿ ಆರು ಸಲ. ಶ್ರೀನಿವಾಸಪುರದ ಯಲ್ದೂರಿನಲ್ಲಿ ಎರಡು ಬಗೆಯವೂ ಸಿಕ್ಕವು. ಅಲ್ಲಿಯವರು ಗಡಿಯಾಚೆಯ ಸಂತೆಗಳಿಂದಲೂ ಹಸು ತರುತ್ತಾರೆ, ಹಸುವಿನ ಜೊತೆ ಅದೂ ಬರುತ್ತದೆ. ಇಪ್ಪತ್ತಮೂರು ಮಾದರಿಗಳನ್ನು ಹೀಗೆ ಊರುವಾರು ಬೇರೆ ಮಾಡಿ ಒಂದು ಪಟ್ಟಿ ಬರೆದಿದ್ದೆ. ಆ ಮಾದರಿಗಳಿಗಾಗಿ ಊರೂರು ಅಲೆಯುವಾಗ ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವನು, ಹಸುಗಳನ್ನು ಹಿಡಿದು ನಿಲ್ಲಿಸುತ್ತಿದ್ದವನು ಮುರಳಿಮೋಹನ. ಹೊರಗುತ್ತಿಗೆಯ ಮೇಲೆ ಲಸಿಕೆ ಹಾಕುವ ಕೆಲಸ ಅವನದು. ಪಟ್ಟಿ ಮುಗಿಯುವ ಮೊದಲು ಮದುವೆಯಾಯಿತು.

ಲಸಿಕೆಯಲ್ಲಿರುವುದೂ ಅದೇ ಬ್ಯಾಕ್ಟೀರಿಯಾ, ಜೀವಂತ. ನೂರು ವರ್ಷದ ಹಿಂದೆ ಯಾವುದೋ ಲ್ಯಾಬಿನಲ್ಲಿ ಯಾರೋ ಮೇಜಿನ ಮೇಲೆ ಒಂದು ವರ್ಷ ಬಿಟ್ಟಿದ್ದ ಸೀಸೆಯಲ್ಲಿ ಅದು ಸಪ್ಪಗಾಗಿತ್ತು. ವಂಶವಾಹಿಯ ಒಂದು ತುಂಡು ಕಳೆದುಕೊಂಡಿತ್ತು, ಏಳುನೂರ ಎರಡು ಅಕ್ಷರದ ತುಂಡು. ಆ ತುಂಡು ಇಲ್ಲದಿದ್ದರೆ ಅದು ಲಸಿಕೆಯ ತಳಿ, ಇದ್ದರೆ ಊರಿನ ತಳಿ. ಹೆಣ್ಣು ಕರುಗಳಿಗೆ ಅದು ಸಾಧು. ಮನುಷ್ಯರಿಗೆ ಅಷ್ಟು ಸಾಧುವಲ್ಲ.

ಮುರಳಿಗೆ ಜ್ವರ ಬಿಟ್ಟುಬಿಟ್ಟು ಬರುತ್ತಿತ್ತು. ಮೂರು ತಿಂಗಳು ಟೈಫಾಯ್ಡ್ ಎಂದೇ ಔಷಧಿ ನಡೆಯಿತು. ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೃದಯದ ಕವಾಟಕ್ಕೆ ಹತ್ತಿತ್ತು. ಅವನ ರಕ್ತದಲ್ಲಿ ಬೆಳೆದದ್ದನ್ನು ಆಸ್ಪತ್ರೆಯವರು ಮೌನಿಕಾಳ ಲ್ಯಾಬಿಗೆ ಕಳಿಸಿದ್ದರು. ಅದರ ಜೊತೆಗೆ ನಾನೇ ಒಂದು ಚಿಕ್ಕ ಸೀಸೆಯಲ್ಲಿ ನಮ್ಮ ಹಸುವಿನ ಹಾಲನ್ನೂ ಕಳಿಸಿದ್ದೆ.

"ಮತ್ತೆ ಹಾಲು?" ಅಂದೆ.

"ಅದರಲ್ಲೂ ಅದೇ ಅಕ್ಕ. ತುಂಡಿಲ್ಲ."

"ಸರಿ."

"ಅದು ಆಸ್ಪತ್ರೆಯಿಂದ ಬಂದಿದ್ದಲ್ಲ ಅಲ್ವಾ, ರಿಜಿಸ್ಟರಿಗೆ ಹತ್ತಿಸಿಲ್ಲ. ಭಾವಂದು ಮಾತ್ರ ರಿಪೋರ್ಟ್ ಹೋಗುತ್ತೆ. ಹಾಲಿಂದೂ ಹತ್ತಿಸಲಾ?"

ನಾನು ಎದ್ದು ಕೋಣೆಯ ಬಾಗಿಲು ಮುಚ್ಚಿದೆ.

"ನೀವೇ ಯೋಚಿಸಿ ಹೇಳಿ ಅಕ್ಕ. ಊಟ ಮಾಡಿ."

ಯೋಚಿಸಲು ಏನೂ ಇರಲಿಲ್ಲ. ನನಗೆ ಗೊತ್ತಿದ್ದದ್ದನ್ನೇ ಅವಳು ಹೇಳಿದ್ದಳು.

ಒಂಬತ್ತು ತಿಂಗಳ ಹಿಂದಿನ ಮಾತು. ನಮ್ಮ ಬೀದಿಯಲ್ಲಿ ಎರಡು ಹಸು ಕಂದು ಹಾಕಿದ್ದವು. ಮುರಳಿ ಮಧ್ಯಾಹ್ನ ಎರಡು ಗಂಟೆಗೆ ಥರ್ಮಾಕೋಲ್ ಪೆಟ್ಟಿಗೆಯೊಂದಿಗೆ ಮನೆಗೆ ಬಂದ. ಒಂದು ಸೀಸೆಯಲ್ಲಿ ಐದು ಡೋಸು. ಪುಡಿಗೆ ನೀರು ಬೆರೆಸಿದ ಮೇಲೆ ಅದನ್ನು ಇಡುವಂತಿಲ್ಲ. ಕೊನೆಯ ಊರಿನಲ್ಲಿ ಮೂರೇ ಕರು ಸಿಕ್ಕಿದ್ದವು. ಉಳಿದದ್ದನ್ನು ಕುದಿಸಿ ಚೆಲ್ಲಿ ಲೆಕ್ಕ ಬರೆಯಬೇಕು. ಮುರಳಿಗೆ ಚೆಲ್ಲುವುದಾಗುತ್ತಿರಲಿಲ್ಲ. ತಟ್ಟೆಯಲ್ಲಿ ಒಂದಗುಳು ಬಿಡುತ್ತಿರಲಿಲ್ಲ, ಹಲ್ಲುಜ್ಜುವ ಪೇಸ್ಟಿನ ಟ್ಯೂಬನ್ನು ಕತ್ತರಿಸಿ ಬಳಿಯುತ್ತಿದ್ದ.

"ನಮ್ಮದಕ್ಕೇ ಹಾಕ್ಬಿಡ್ತೀನಿ. ಮೂಗುದಾರ ಹಿಡ್ಕೊ," ಅಂದ.

"ಗಬ್ಬ ಅಲ್ವಾ ಅದು?"

"ನಾಲ್ಕು ತಿಂಗಳು. ಕರುಗಳಿಗೇ ಹಾಕೋದು, ಇಷ್ಟು ದೊಡ್ಡದಕ್ಕೆ ಏನಾಗುತ್ತೆ? ಇರುವೆ ಕಚ್ಚಿದಂಗೆ. ಹಿಡ್ಕೊ ಕಣೇ, ಬಿಸಿಯಾಗ್ತಾ ಇದೆ."

ಗಬ್ಬದ ಹಸುವಿಗೆ ಹಾಕಬಾರದು, ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಎಂದು ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ನಾನೇ ಬರೆದಿದ್ದೆ. ಮೂಗುದಾರ ಹಿಡಿದೆ. ಅತ್ತೆ ಬಾಲ ಹಿಡಿದರು. ಗೋಡೆಯಾಚೆಯಿಂದ ಪಕ್ಕದ ಮನೆಯ ಆಂಜಿನಮ್ಮ ನೋಡುತ್ತಿದ್ದರು.

"ಏ ಮುರಳಿ, ನಿಮ್ಮ ಹಸು ಮಾತ್ರ ಹಸೂನಾ? ನಮ್ಮದೇನು ಎಮ್ಮೇನಾ?"

"ಬಂದೆ ಅತ್ತೆಮ್ಮ, ನಿಮಗೂ ಒಂದೈತೆ."

"ನನಗಲ್ಲಪ್ಪ, ಹಸೂಗೆ!"

ಎಲ್ಲರೂ ನಕ್ಕೆವು. ಐದನೆಯ ಡೋಸು ಅವರ ಸೀಮೆಹಸುವಿಗೆ ಹೋಯಿತು. ಆಗ ಅದು ಗಬ್ಬವಾಗಿರಲಿಲ್ಲ. ಎರಡು ತಿಂಗಳಾದ ಮೇಲೆ ಆಯಿತು.

ಅಷ್ಟರಲ್ಲಿ ನಮ್ಮ ಹಸು ಆರು ತಿಂಗಳಿಗೇ ಕಂದು ಹಾಕಿತು. ಕರು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಮುರಳಿ ಮೊಣಕೈವರೆಗೆ ಕೈ ಒಳಗೆ ಹಾಕಿ ಎಳೆದ. ಮಾಸನ್ನೂ ಕೈಯಿಂದಲೇ ಬಿಡಿಸಿದ. ಗ್ಲೌಸು ಆಫೀಸಿನಲ್ಲಿತ್ತು. ಮೂರು ವಾರಕ್ಕೆ ಜ್ವರ ಬಂತು.

ಪಶುವೈದ್ಯ ಡಾಕ್ಟರ್ ಕದಿರೇಶ್ ಬುಧವಾರ ಬಂದರು. ಮುರಳಿ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ. ಹೆಣ ಮನೆಗೆ ತರುವಾಗ ಆಂಬುಲೆನ್ಸಿನಲ್ಲಿ ಅವರೂ ಇದ್ದರು. ಜಗಲಿಯ ಮೇಲೆ ಕೂತು ಫೈಲಿನಿಂದ ಒಂದು ಹಾಳೆ ತೆಗೆದರು.

"ನಿಮ್ಮ ಲ್ಯಾಬಿನ ರಿಪೋರ್ಟ್ ಬಂತು ಅಮ್ಮ. ಲಸಿಕೆ ತಳಿ. ಇದು ಬಂದಿಲ್ಲ ಅಂದಿದ್ರೆ ನಿಮ್ಮ ಮನೆ ಹಸೂನಿಂದ ಬಂತು, ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಬರೆದು ಮುಗಿಸ್ತಿದ್ರು. ಈಗ ಹಂಗಲ್ಲ. ಲಸಿಕೆ ಎಲ್ಲಿಂದ ಬರುತ್ತೆ? ಸಿರಿಂಜಿಂದ. ಕೆಲಸದ ಮೇಲಿದ್ದಾಗ ಸೂಜಿ ಚುಚ್ಕೊಂಡಿದ್ದಾನೆ. ಹಂಗಾದ್ರೆ ಮನೆಯವರಲ್ಲಿ ಒಬ್ರಿಗೆ ಕೆಲಸ ಕೊಡಲೇಬೇಕು. ನೀವು ಎಂ.ಎಸ್ಸಿ. ಮೈಕ್ರೋಬಯಾಲಜಿ. ಕೋಲಾರದ ಲ್ಯಾಬಿನಲ್ಲಿ ಸ್ಯಾಂಪಲ್ ನೋಡೋ ಜಾಗ ಒಂದು ಖಾಲಿ ಇದೆ."

"ನಾನೇನು ಮಾಡಬೇಕು ಸರ್?"

"ಚುಚ್ಕೊಂಡಿದ್ದನ್ನ ನೋಡಿದ್ದೆ ಅಂತ ನಿಮ್ಮ ಕೈಯಲ್ಲೇ ಬರೆದುಕೊಡಿ. ತಾರೀಕು ನಾನು ಹೇಳ್ತೀನಿ."

"ನಾನು ನೋಡಿಲ್ಲ."

"ನೋಡಿರ್ತೀರಮ್ಮ. ಮನೆಗೆ ಬಂದು ತೋರಿಸಿರ್ತಾನೆ." ತಮ್ಮ ಎಡಗೈಯ ಹೆಬ್ಬೆರಳು ಮುಂದೆ ಚಾಚಿದರು. "ನೋಡಿ. ಮಾಲೂರಲ್ಲಿ ಒಂದು ಕರು ಒದ್ದಾಗ ಚುಚ್ಚಿದ್ದು. ಇನ್ನೊಂದು ಸಲ ನಾನೇ ತೂಕಡಿಸಿದ್ದು. ಸೂಜಿ ಚುಚ್ಕೊಳ್ದೆ ಇರೋ ಒಬ್ಬ ವ್ಯಾಕ್ಸಿನೇಟರ್‌ನ ತೋರಿಸಿ, ನಾನು ಕೆಲಸ ಬಿಡ್ತೀನಿ. ಸುಳ್ಳು ಬರೆಸ್ತಿಲ್ಲ ನಾನು. ಸೋಮವಾರ ಹನ್ನೊಂದಕ್ಕೆ ಈ ಕಡೆ ಬರ್ತೀನಿ, ಕೊಡಿ."

ಒಳ್ಳೆಯ ಮನುಷ್ಯ. ಉಳಿದ ಎರಡು ಡೋಸಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಮುರಳಿ ಆ ದಿನ ಐದೂ ಕರುಗಳಿಗೇ ಹಾಕಿದ್ದಾಗಿ ಬರೆದಿದ್ದ.

ಅವರು ಹೋದ ಮೇಲೆ ಅತ್ತೆ ಬಾಗಿಲ ಹಿಂದಿನಿಂದ ಈಚೆಗೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು.

"ಅಂಗಾದ್ರೆ ನಮ್ಮ ಹಸು ಅಲ್ಲ?"

ನಾನು ಹಾಳೆಯನ್ನೇ ನೋಡುತ್ತಿದ್ದೆ.

"ಕರು ಎಳಿ ಅಂತ ನಾನೇ ಕೂಗಿ ಕರೆದಿದ್ದು ಅವನ್ನ. ಸತ್ತರೂ ಸಾಯಲಿ ಹಸು ಉಳೀಲಿ, ಎಳೆಯೋ ಅಂದಿದ್ದೆ. ಕರು ಸಾಯಲಿ ಅಂತ ಅಂದಿದ್ದು ನಾನು. ಕರು." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಸೂಜಿ ಅಂತ ಡಾಕ್ಟ್ರೇ ಅಂದ್ರಲ್ಲ. ದೊಡ್ಡ ಓದು ಓದವ್ರೆ."

ಆ ರಾತ್ರಿ ಅತ್ತೆ ಎರಡು ಮುದ್ದೆ ಉಂಡರು. ಅಷ್ಟು ದಿನದಲ್ಲಿ ಅವರು ಹೊಟ್ಟೆ ತುಂಬ ಉಂಡದ್ದು ಅದೇ ಮೊದಲು.

ಸೂಜಿಯೂ ಇರಬಹುದು. ಅದು ನಿಜ. ಸಿರಿಂಜಿನಲ್ಲಿದ್ದದ್ದೂ ಹಸುವಿನ ಮೈಯಲ್ಲಿದ್ದದ್ದೂ ಒಂದೇ ತಳಿ. ಮಾಲೂರಿನದಕ್ಕೂ ಮುಳಬಾಗಿಲಿನದಕ್ಕೂ ವ್ಯತ್ಯಾಸ ತೋರಿಸುವ ಪರೀಕ್ಷೆ ಇವೆರಡಕ್ಕೂ ವ್ಯತ್ಯಾಸ ತೋರಿಸಲಾರದು. ಮೌನಿಕಾ ಮೂರು ಸಲ ಅಲ್ಲ, ಮೂವತ್ತು ಸಲ ಮಾಡಿದರೂ ಅಷ್ಟೇ. ನಾನು ಬರೆದುಕೊಟ್ಟರೆ ಅದು ಸುಳ್ಳು ಎನ್ನಲು ಯಾರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಹೀಗೆ ಯೋಚಿಸುತ್ತ ಗುರುವಾರ ಬೆಳಿಗ್ಗೆ ಅರ್ಧ ಹಾಳೆ ಬರೆದೆ. 'ಕಣ್ಣಾರೆ ಕಂಡಿರುತ್ತೇನೆ' ಎಂಬಲ್ಲಿಗೆ ಬಂದಾಗ ಗೋಡೆಯಾಚೆ ರಜನಿ ಹಸುವನ್ನು ಮಾತಾಡಿಸುತ್ತಿದ್ದಳು.

ರಜನಿ ಆಂಜಿನಮ್ಮನ ಸೊಸೆ. ಅವಳಿಗೆ ಐದು ತಿಂಗಳು. ಅವರ ಹಸುವಿಗೆ ಏಳು. ಎರಡೂ ಹೊತ್ತು ಹಾಲು ಕರೆಯುವವಳು ಅವಳೇ. ದೊಡ್ಡ ಹಸುವಿಗೆ ಆ ಲಸಿಕೆ ಹಾಕಿದರೆ ಎಲ್ಲದರಲ್ಲೂ ಅದು ಉಳಿಯುವುದಿಲ್ಲ. ಕೆಲವುಗಳಲ್ಲಿ ಉಳಿಯುತ್ತದೆ, ಗಬ್ಬ ಕಟ್ಟುವವರೆಗೆ ಕಾಯುತ್ತದೆ. ಹಸು ಕಂದು ಹಾಕಿದರೆ ರಜನಿ ಮುಟ್ಟುತ್ತಾಳೆ. ಮುಟ್ಟಿದ ಬಸುರಿಗೂ ಹಸುವಿಗೆ ಆದದ್ದೇ ಆಗಬಹುದು. ಇದನ್ನು ಹೇಳಲು ಗೋಡೆ ಹತ್ತಬೇಕಾಗಿರಲಿಲ್ಲ, ಫೋನ್ ಸಾಕಾಗಿತ್ತು. ಆದರೆ ಯಾಕೆ, ಹೇಗೆ ಬಂತು ಎಂದು ಹೇಳದೆ ಇಷ್ಟನ್ನು ಮಾತ್ರ ಹೇಳುವುದು ಹೇಗೆ? ಹೇಳಿದರೆ ಡೇರಿಯಲ್ಲಿ ಸಂಜೆಯ ಹಾಲು ಅಳೆಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ. ಕದಿರೇಶರಿಗೆ ಗೊತ್ತಾಗುತ್ತದೆ. ಕೋಲಾರದ ಜಾಗ ಇರುವುದಿಲ್ಲ. ಅತ್ತೆ, ಹಸು, ಮೂರು ಕೋಣೆ, ದಿನವೂ ಹಾರ್ನ್ ಹಾಕಿ ಹೋಗುವ ಬಸ್ಸು, ಇಷ್ಟೇ ಉಳಿಯುತ್ತದೆ.

ಫೋನ್ ಮಾಡಿದೆ.

"ಅಕ್ಕಾ?" ಪಿಸುಮಾತು. "ಅತ್ತೆ ಇಲ್ಲೇ ಅವ್ರೆ. ನಿಮ್ಮ ಜೊತೆ ಮಾತಾಡಬೇಡ ಅಂದವ್ರೆ, ಬೇಜಾರು ಮಾಡ್ಕೋಬೇಡಿ, ಮೂರು ತಿಂಗಳು ಅಷ್ಟೇ ಅಂತೆ."

"ಹಾಲು ಕರೆಯುವಾಗ ಗ್ಲೌಸ್ ಹಾಕ್ಕೋ ರಜನಿ."

"ಗ್ಲೌಸಾ?" ನಗು ತಡೆದುಕೊಳ್ಳುತ್ತಿದ್ದಳು. "ಹಸು ನಾಚ್ಕೊಂಡು ಹಾಲೇ ಬಿಡಲ್ಲ ಅಕ್ಕ. ನನ್ನ ಗಂಡನೂ ಕೇಳ್ತಾನೆ, ಇದೇನು ಆಪರೇಷನ್ನಾ ಅಂತ."

"ಹಾಲು ಚೆನ್ನಾಗಿ ಕಾಯಿಸಿ ಕುಡಿ. ಹಸೂಗೆ ಹೆಚ್ಚುಕಮ್ಮಿ ಆದ್ರೆ ನೀನು ಹತ್ರ ಹೋಗಬೇಡ."

"ಯಾಕಕ್ಕ? ನಮ್ಮ ಹಸು ಗಟ್ಟಿ. ಮುರಳಣ್ಣ ಇಂಜೆಕ್ಷನ್ ಹಾಕಿಲ್ವಾ?"

ಅವಳ ಅತ್ತೆ ಯಾರದು ಫೋನು ಎಂದದ್ದು ಕೇಳಿಸಿತು. "ನಮ್ಮಮ್ಮ," ಎಂದು ಹೇಳಿ ರಜನಿ ಇಟ್ಟುಬಿಟ್ಟಳು.

ಹೇಳಬೇಕಾದ್ದನ್ನು ಹೇಳಿಯಾಯಿತು ಎಂದು ಶುಕ್ರವಾರ ಅಂದುಕೊಂಡೆ. ಶನಿವಾರವೂ ಅಂದುಕೊಂಡೆ. ಭಾನುವಾರ ಹಾಳೆಯನ್ನು ಪೂರ್ತಿ ಬರೆದೆ. ಅಕ್ಷರ ಚೆನ್ನಾಗಿ ಬಂದಿತ್ತು. ಕೆಳಗೆ ಸಹಿ ಹಾಕಿ, ಮಡಿಸಿ, ಮುರಳಿಯ ಬನಿಯನ್ನುಗಳ ಕೆಳಗೆ ಇಟ್ಟೆ. ಕೋಲಾರದಲ್ಲಿ ಬಾಡಿಗೆ ಕೋಣೆ ಎಲ್ಲಿ ಸಿಗಬಹುದು ಎಂದು ಯೋಚಿಸಿದೆ. ಒಂದೇ ಕಿಟಕಿ ಇದ್ದರೂ ಸಾಕು, ಅದು ಹಿತ್ತಲಿಗೆ ತೆರೆಯದಿದ್ದರೆ ಸಾಕು.

ಸೋಮವಾರ ಎಂಟು ಗಂಟೆಗೆ ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಶ್ರೀನಿವಾಸಪುರದ ಮಾವಿನ ಲಾರಿಯೊಂದು ಬೀದಿಯಲ್ಲಿ ಸಿಕ್ಕಿಕೊಂಡು ಹಿಂದೆ ಮುಂದೆ ಆಡುತ್ತಿತ್ತು. ಅದರ ಸದ್ದಿನ ಮೇಲೆ ಆಂಜಿನಮ್ಮನ ದನಿ ಗೋಡೆಯಾಚೆಯಿಂದ ಬಂತು.

"ಅಕ್ಕೋ! ದೊಡ್ಡಮುನಿಯಮ್ಮಕ್ಕ! ನಮ್ಮ ಹಾರೆ ನಿಮ್ಮನೇಲಿ ಐತಾ?"

ಅತ್ತೆ ಹಿತ್ತಲಿಗೆ ಹೋದರು. "ಯಾವ ಹಾರೇನೇ?"

"ಅದೇ, ನಿಮ್ಮ ಹಸು ಕಂದು ಹಾಕ್ದಾಗ ಮುರಳಿ ಗುಂಡಿ ತೋಡೋಕೆ ಇಸ್ಕೊಂಡಿದ್ದ. ಇಂಥ ಹೊತ್ತಲ್ಲಿ ಕೇಳಬಾರದು ಅಂತಾನೇ ಇದ್ದೆ. ನಮ್ಮ ಹಸು ನಿನ್ನೆ ಸಂಜೆಯಿಂದ ಮೇವು ಮುಟ್ಟಿಲ್ಲ. ಹಿಂದ್ಗಡೆ ಲೋಳೆ ಬೀಳ್ತೈತೆ. ಒಂದು ಗೂಟ ನೆಟ್ಟು ಬೇರೆ ಕಟ್ಟಾನ ಅಂತ."

"ಏಳೇ ತಿಂಗಳಲ್ವೇನೇ ಅದಕ್ಕೆ?"

"ಊ ಕಣಕ್ಕ. ರಜನಿ ಬೆಳಗ್ಗೆಯಿಂದ ಅದರ ಪಕ್ಕದಲ್ಲೇ ಕುಂತವ್ಳೆ. ಏಳು ಅಂದ್ರೆ ಏಳಲ್ಲ, ಒರೆಸ್ತಾನೇ ಅವ್ಳೆ."

ಜರಡಿ ಕೆಳಗಿಟ್ಟೆ.

ಹಾರೆ ಕೊಟ್ಟಿಗೆಯ ಹಿಂದೆ, ಸುಣ್ಣದ ಗುಂಡಿಯ ಪಕ್ಕ, ನೆಲಕ್ಕೆ ಒರಗಿ ಬಿದ್ದಿತ್ತು. ಮೇಲೆ ಕುಂಬಳದ ಬಳ್ಳಿ ಹಬ್ಬಿತ್ತು. ಬಳ್ಳಿ ಕಿತ್ತು, ಹಾರೆಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದೆ. ಒಳಗೆ ಹೋಗಿ ಗ್ಲೌಸಿನ ಪೊಟ್ಟಣ ತೆಗೆದುಕೊಂಡೆ. ಬೀದಿಯ ಬಾಗಿಲ ಹತ್ತಿರ ಅತ್ತೆ ಅಡ್ಡ ನಿಂತರು.

"ಎಲ್ಲಿಗೆ? ಇಲ್ಲಿ ತಾ. ಗೋಡೆ ಮೇಲಿಂದ ನಾನು ಕೊಡ್ತೀನಿ."

"ಹಾರೆ ಕೊಡೋದು ಮಾತ್ರ ಅಲ್ಲ ಅತ್ತೆ. ಹೇಳೋದಿದೆ."

"ಏನು ಹೇಳ್ತೀಯ?"

"ಅವತ್ತು ಹಾಕಿದ ಇಂಜೆಕ್ಷನ್. ನಮ್ಮ ಹಸುವಿನ ಹಾಲಿನಲ್ಲಿ ಇರೋದು ಅದೇ. ಅವರ ಹಸುವಿನಲ್ಲೂ ಇರಬಹುದು."

ಅತ್ತೆ ನನ್ನ ಮುಖವನ್ನು ನೋಡಿದರು. ಓದು ಬರಹ ಬಾರದವರು, ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಸೂಜಿ ಅಂದ್ರಲ್ಲ ಡಾಕ್ಟ್ರು."

"ಸೂಜಿಯೂ ಇರಬಹುದು. ಹಸುವೂ ಇರಬಹುದು. ನನಗೆ ಗೊತ್ತಿಲ್ಲ ಅತ್ತೆ. ಯಾರಿಗೂ ಗೊತ್ತಾಗಲ್ಲ."

"ಹೋದ್ನಲ್ಲ ನನ್ನ ಮಗ. ಅವನ ಹೆಸರನ್ನೂ ಇವತ್ತು ಬೀದಿಗೆ ಹಾಕ್ತೀಯ?" ದನಿ ಏರಲಿಲ್ಲ. "ನಿನ್ನ ಕೆಲಸ? ಇವತ್ತು ಬರ್ತಾರಲ್ಲ ಅವರು, ಕಾಗದಕ್ಕೆ?"

ಅವರು ಸರಿಯಲಿಲ್ಲ. ಹಾರೆ ಭಾರವಾಗಿತ್ತು, ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡೆ. ಆಗ ಅತ್ತೆ ಹೊಸ್ತಿಲ ಮೇಲೆ ಕೂತುಬಿಟ್ಟರು, ಕಾಲು ಮಡಿಸಿಕೊಂಡು ಒಂದು ಬದಿಗೆ. ನಾನು ಅವರ ಪಕ್ಕದಿಂದ ದಾಟಿ ಹೋದೆ.

ಬಿಸಿಲಿಗೆ ಕಣ್ಣು ಕಿರಿದಾಯಿತು. ಹದಿನೆಂಟು ದಿನದ ಮೇಲೆ ಬೀದಿಗೆ ಬಂದಿದ್ದೆ. ಲಾರಿಯವನು ಹಾರೆ ಹಿಡಿದವಳನ್ನು ನೋಡಿ ಹಾರ್ನ್ ನಿಲ್ಲಿಸಿದ. ಆಂಜಿನಮ್ಮನ ಮನೆಯ ಪಕ್ಕದ ಓಣಿಯಿಂದ ಕೊಟ್ಟಿಗೆಯ ಅಂಗಳಕ್ಕೆ ಹೋಗಬಹುದು. ಅಂಗಳದ ಅಂಚಿನಲ್ಲಿ ನಿಂತೆ. ರಜನಿ ಹಸುವಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು, ಕೈಯಲ್ಲಿ ಹಳೆಯ ಟವೆಲ್ಲು.

"ರಜನಿ, ಎದ್ದು ಈಚೆ ಬಾ. ಟವೆಲ್ ಅಲ್ಲೇ ಬಿಡು. ಸೋಪು ಹಾಕಿ ಕೈ ತೊಳ್ಕೊ, ಮೊಣಕೈವರೆಗೂ."

ಅವಳು ಎದ್ದು ನಿಂತಳು, ಅತ್ತೆಯ ಕಡೆ ನೋಡಿದಳು. ಆಂಜಿನಮ್ಮ ಸೊಸೆಗೂ ನನಗೂ ನಡುವೆ ಬಂದು ನಿಂತರು.

"ಏನಮ್ಮಿ ನೀನು! ಕಾರ್ಯ ಆಗಿ ಹತ್ತು ದಿನ ಆಗಿಲ್ಲ, ಬಸುರಿ ಇರೋ ಮನೆಗೆ ಬಂದು ನಿಂತಿದ್ದೀಯಲ್ಲ. ನಿಮ್ಮತ್ತೆಗೆ ಬುದ್ಧಿ ಇಲ್ವಾ, ಕಳಿಸೋಕೆ? ಓದಿದೋಳು ಬೇರೆ."

"ಅವಳು ಕೈ ತೊಳ್ಕೊಳ್ಲಿ. ಆಮೇಲೆ ಬೈಯಿರಿ."

ರಜನಿ ನಲ್ಲಿಯ ಹತ್ತಿರ ಹೋದಳು. ನೀರು ಬೀಳುವ ಸದ್ದು ಬಂದ ಮೇಲೆ ನಾನು ಹೇಳಿದೆ. ಆ ದಿನ ಸೀಸೆಯಲ್ಲಿ ಎರಡು ಡೋಸು ಉಳಿದಿತ್ತು. ಅದು ಕರುಗಳಿಗೆ ಹಾಕುವುದು, ದೊಡ್ಡ ಹಸುವಿಗಲ್ಲ. ಚೆಲ್ಲಬೇಕಾಗಿತ್ತು. ಒಂದು ನಮ್ಮದಕ್ಕೆ ಹೋಯಿತು, ಒಂದು ನಿಮ್ಮದಕ್ಕೆ. ನಮ್ಮದರ ಹಾಲಿನಲ್ಲಿ ಅದೇ ಸಿಕ್ಕಿದೆ. ನಮ್ಮವರ ರಕ್ತದಲ್ಲಿ ಸಿಕ್ಕಿದ್ದೂ ಅದೇ. ನಿಮ್ಮದರಲ್ಲಿ ಇಲ್ಲದೆಯೂ ಇರಬಹುದು. ಆದರೆ ಲೋಳೆ, ಮಾಸು, ಕರು, ಯಾವುದನ್ನೂ ಬರಿಗೈಯಲ್ಲಿ ಮುಟ್ಟಬಾರದು. ರಜನಿ ಹತ್ತಿರವೂ ಬರಬಾರದು. ಇವತ್ತೇ ಅವಳು ರಕ್ತ ಕೊಟ್ಟು ಪರೀಕ್ಷೆ ಮಾಡಿಸಲಿ, ಆಮೇಲೆ ಯಲ್ದೂರಿಗೆ ಅವಳಮ್ಮನ ಮನೆಗೆ ಹೋಗಲಿ.

ಆಂಜಿನಮ್ಮ ಹಸುವಿನ ಕಡೆ ತಿರುಗಿದರು, ಮತ್ತೆ ನನ್ನ ಕಡೆ.

"ನಾನೇ ಕೇಳಿ ಹಾಕಿಸ್ಕೊಂಡಿದ್ದು ಅದನ್ನ."

"ಹೌದು."

"ಅವನಿಗೆ ಗೊತ್ತಿತ್ತಾ?"

"ಅವರಿಗೆ ಅಷ್ಟು ಗೊತ್ತಿರಲಿಲ್ಲ."

"ನಿಂಗೆ?"

"ನನಗೆ ಗೊತ್ತಿತ್ತು."

ನಲ್ಲಿಯ ನೀರು ನಿಂತಿತು. ರಜನಿ ಒದ್ದೆ ಕೈಗಳನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡು ನಿಂತಿದ್ದಳು. ಆಂಜಿನಮ್ಮ ಬಾಯಿ ತೆರೆದರು, ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಸೊಸೆಗೆ ಒಳಗೆ ಹೋಗು ಎಂದು ಕೈ ಬೀಸಿದರು.

"ಡಾಕ್ಟ್ರಿಗೆ ಹೇಳಿದ್ದೀಯಾ?"

"ಹನ್ನೊಂದು ಗಂಟೆಗೆ ನಮ್ಮನೆಗೆ ಬರ್ತಾರೆ. ಇಲ್ಲಿಗೇ ಕರ್ಕೊಂಡು ಬಂದು ಎಲ್ಲ ಹೇಳ್ತೀನಿ."

ಗ್ಲೌಸಿನ ಪೊಟ್ಟಣವನ್ನು ಕಲ್ಲಿನ ಮೇಲೆ ಇಟ್ಟೆ. ಹಾರೆಯನ್ನು ಅವರ ಕೈಗೆ ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ. ನೆಲದ ಮೇಲೆ ಇಟ್ಟೆ.

"ಕರು ಬಿದ್ದರೆ ಎಷ್ಟು ಆಳ ತೋಡಬೇಕು?" ಆಂಜಿನಮ್ಮ ಕೇಳಿದರು.

"ಆರಡಿ. ಮೇಲೆ ಸುಣ್ಣ."

"ಅವನು ಎಷ್ಟು ತೋಡಿದ್ದ?"

"ಮೂರು. ಕೆಳಗೆ ಬಂಡೆ ಸಿಕ್ತು ಅಂದ್ರು."

ಆಂಜಿನಮ್ಮ ಬಗ್ಗಿ ಹಾರೆ ಎತ್ತಿಕೊಂಡರು.